ಶುಗರ್ ಬಾರ್ಡರ್‌ನಲ್ಲಿದೆ ಅಂದ ಮೇಲೆ...

ವಾರ್ಡ್ ಕಚೇರಿಯ ಮುಂದೆ ಶಾಮಿಯಾನ ಹಾಕಿ ನಡೆಸುವ ಉಚಿತ ಆರೋಗ್ಯ ತಪಾಸಣಾ ಶಿಬಿರಗಳನ್ನು ಬೆಂಗಳೂರಿನವರೆಲ್ಲ ನೋಡಿಯೇ ಇರುತ್ತಾರೆ. ಮೊದಲ ಟೇಬಲ್‌ನಲ್ಲಿ ಹೆಸರು, ವಯಸ್ಸು, ಫೋನ್ ನಂಬರ್. ಎರಡನೆಯದರಲ್ಲಿ ಬಿ.ಪಿ. ಮೂರನೆಯದರಲ್ಲಿ ಬೆರಳ ತುದಿಗೆ ಚುಚ್ಚಿ, ಒಂದು ಹನಿ ರಕ್ತವನ್ನು ಸ್ಟ್ರಿಪ್‌ಗೆ ತಾಗಿಸಿ ಕೆಲವು ಸೆಕೆಂಡು ಕಾಯುತ್ತಾರೆ. ಯಂತ್ರ 260 ಎಂದು ತೋರಿಸಿದರೆ ಏನು ಮಾಡಬೇಕೆಂಬುದು ಸ್ಪಷ್ಟ: ಚೀಟಿ ಬರೆದು ಆಸ್ಪತ್ರೆಗೆ ಕಳಿಸುತ್ತಾರೆ. 105 ಬಂದರೂ ಸ್ಪಷ್ಟ: ‘ಏನಿಲ್ಲಮ್ಮ, ನಾರ್ಮಲ್ ಇದೆ, ಹೋಗ್ಬನ್ನಿ.’ ಆದರೆ 158 ಬಂದಾಗ? ‘ಶುಗರ್ ಬಾರ್ಡರ್‌ನಲ್ಲಿದೆ ಕಣಮ್ಮ. ಸಿಹಿ ಕಮ್ಮಿ ಮಾಡಿ, ವಾಕಿಂಗ್ ಮಾಡಿ, ಮೂರು ತಿಂಗಳು ಬಿಟ್ಟು ಇನ್ನೊಂದ್ಸಲ ತೋರಿಸಿ.’ ಇಷ್ಟು ಕೇಳಿಸಿಕೊಂಡು ಆಕೆ ಏಳುತ್ತಾಳೆ. ಹಿಂದೆ ಇನ್ನೂ ನಲವತ್ತು ಜನ ಸಾಲಿನಲ್ಲಿರುತ್ತಾರೆ.

ಆ ಮೂರು ಮಾತುಗಳಾಚೆಗೆ ನಮ್ಮ ನಗರಗಳಲ್ಲಿ ಮಧುಮೇಹ ತಡೆ ಎಂಬುದು ಹೆಚ್ಚೇನೂ ಇಲ್ಲ. ತಪಾಸಣೆ ಹೆಚ್ಚುತ್ತಿದೆ, ಅದು ಒಳ್ಳೆಯದೇ. 2022ರ ಡಿಸೆಂಬರ್‌ನಲ್ಲಿ ರಾಜ್ಯದ ನಗರಗಳಲ್ಲಿ ‘ನಮ್ಮ ಕ್ಲಿನಿಕ್’ಗಳು ಶುರುವಾದವು. 2024ರಲ್ಲಿ ಆರಂಭವಾದ ‘ಗೃಹ ಆರೋಗ್ಯ’ ಯೋಜನೆಯಲ್ಲಿ ಆರೋಗ್ಯ ಸಿಬ್ಬಂದಿ ಮನೆಬಾಗಿಲಿಗೇ ಬಂದು ಬಿ.ಪಿ., ಶುಗರ್ ನೋಡುತ್ತಾರೆ. ಆದರೆ ಎಷ್ಟು ಜನರ ಬೆರಳು ಚುಚ್ಚಿದೆವು ಎಂಬ ಲೆಕ್ಕವನ್ನೇ ತಡೆಯ ಲೆಕ್ಕವೆಂದು ಬರೆದುಕೊಂಡರೆ, ಕಾಯಿಲೆ ಇನ್ನೂ ಬಾರದ, ಬರುವ ದಾರಿಯಲ್ಲಿರುವ ಕೋಟಿಗಟ್ಟಲೆ ಜನ ನಮ್ಮ ಕೈತಪ್ಪಿ ಹೋಗುತ್ತಾರೆ. ತಡೆಯ ಕೆಲಸ ನಡೆಯಬೇಕಾದದ್ದು ಒಂದು ಸ್ಟ್ರಿಪ್‌ಗೂ ಮುಂದಿನ ಸ್ಟ್ರಿಪ್‌ಗೂ ನಡುವಿನ ದಿನಗಳಲ್ಲಿ. ಆ ದಿನಗಳಲ್ಲಿ ಆಕೆಯ ಜೊತೆಗೆ ಯಾರಿದ್ದಾರೆ?

ಕೋಟಿಗಟ್ಟಲೆ ಎಂದದ್ದು ಮಾತಿನ ಭರಕ್ಕಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಚೆನ್ನೈನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್ ಸೇರಿ ನಡೆಸಿದ ‘ಇಂಡಿಯಾಬ್’ ಸಮೀಕ್ಷೆಯ ದೇಶವ್ಯಾಪಿ ಫಲಿತಾಂಶ 2023ರಲ್ಲಿ ಹೊರಬಂತು. 2008ರಿಂದ 2020ರವರೆಗೆ 1.13 ಲಕ್ಷ ವಯಸ್ಕರನ್ನು ಪರೀಕ್ಷಿಸಿದ ಈ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಮಂದಿಗೆ ಮಧುಮೇಹವಿದೆ. ಅದರ ಹೊಸ್ತಿಲಲ್ಲಿ, ಅಂದರೆ ಮಧುಮೇಹಪೂರ್ವ ಸ್ಥಿತಿಯಲ್ಲಿ, ಇನ್ನೂ 13.6 ಕೋಟಿ ಜನರಿದ್ದಾರೆ. ಮಧುಮೇಹದ ಪ್ರಮಾಣ ನಗರಗಳಲ್ಲಿ ಶೇ 16.4, ಹಳ್ಳಿಗಳಲ್ಲಿ ಶೇ 8.9. ಆದರೆ ಮಧುಮೇಹಪೂರ್ವ ಸ್ಥಿತಿಯಲ್ಲಿ ನಗರ, ಹಳ್ಳಿ ಎಂಬ ಭೇದ ಹೆಚ್ಚುಕಡಿಮೆ ಕಾಣಲಿಲ್ಲ. ಎರಡೂ ಕಡೆ ಶೇ 15ರ ಆಸುಪಾಸು. ಯಾದಗಿರಿಯಿಂದಲೋ ರಾಯಚೂರಿನಿಂದಲೋ ಗಾರೆ ಕೆಲಸಕ್ಕೆ ಬೆಂಗಳೂರಿಗೆ ಬಸ್ ಹತ್ತುವ ಮನುಷ್ಯ ಕಾಯಿಲೆಯ ಬೀಜವನ್ನು ಊರಿನಿಂದಲೇ ತಂದಿರಬಹುದು ಎಂದಾಯಿತು. ಅದು ಮೊಳೆಯಲು ಬೇಕಾದದ್ದನ್ನೆಲ್ಲ ನಗರ ಒದಗಿಸುತ್ತದೆ.

ತಡೆಯಬಹುದೇ? ತಡೆಯಬಹುದು. ವೈದ್ಯವಿಜ್ಞಾನದಲ್ಲಿ ಇಷ್ಟು ಗಟ್ಟಿಯಾಗಿ ಸಾಬೀತಾದ ಸಂಗತಿಗಳು ಕಡಿಮೆ. ಚೀನಾದ ಎಣ್ಣೆಬಾವಿಗಳ ಊರು ದಾಚಿಂಗ್‌ನಲ್ಲಿ 1986ರಲ್ಲಿ 33 ಕ್ಲಿನಿಕ್‌ಗಳ 577 ಮಂದಿಯೊಂದಿಗೆ ಮೊದಲ ದೊಡ್ಡ ಪ್ರಯೋಗ ಶುರುವಾಯಿತು. ಆರು ವರ್ಷ ಊಟ ಮತ್ತು ವ್ಯಾಯಾಮದ ಮಾರ್ಗದರ್ಶನ ಕೊಟ್ಟರು. ಮೂವತ್ತು ವರ್ಷಗಳ ಬಳಿಕ ಅದೇ ಜನರನ್ನು ಹುಡುಕಿ ನೋಡಿದಾಗ, ಮಾರ್ಗದರ್ಶನ ಪಡೆದವರಲ್ಲಿ ಮಧುಮೇಹ ಸರಾಸರಿ ನಾಲ್ಕು ವರ್ಷದಷ್ಟು ತಡವಾಗಿ ಬಂದಿತ್ತು. ಹೃದಯಾಘಾತ, ಪಾರ್ಶ್ವವಾಯುವಿನಂಥ ಆಪತ್ತು ಕಾಲು ಭಾಗಕ್ಕೂ ಹೆಚ್ಚು ತಗ್ಗಿತ್ತು. ಆರು ವರ್ಷದ ಶ್ರಮ ಮೂವತ್ತು ವರ್ಷ ಕಾಯ್ದಿತ್ತು.

ಅಮೆರಿಕದ ‘ಡಯಾಬಿಟಿಸ್ ಪ್ರಿವೆನ್ಷನ್ ಪ್ರೋಗ್ರಾಂ’ 27 ಕೇಂದ್ರಗಳಲ್ಲಿ 3,234 ಜನರನ್ನು ಸೇರಿಸಿಕೊಂಡಿತು. ಅವರಲ್ಲಿ ಶೇ 45ರಷ್ಟು ಮಂದಿ ಕಪ್ಪುವರ್ಣೀಯರು, ಹಿಸ್ಪಾನಿಕ್ ಮೂಲದವರು, ಮೂಲನಿವಾಸಿಗಳು, ಏಷ್ಯಾ ಮೂಲದವರು. ಗುರಿ ಎರಡೇ: ತೂಕದಲ್ಲಿ ಶೇ 7ರಷ್ಟು ಇಳಿಕೆ, ವಾರಕ್ಕೆ 150 ನಿಮಿಷ ಚುರುಕು ನಡಿಗೆ. 2002ರಲ್ಲಿ ಪ್ರಕಟವಾದ ಫಲಿತಾಂಶದಂತೆ ಜೀವನಶೈಲಿ ಬದಲಿಸಿಕೊಂಡ ಗುಂಪಿನಲ್ಲಿ ಮಧುಮೇಹ ಶೇ 58ರಷ್ಟು ತಗ್ಗಿತು. ಮೆಟ್‌ಫಾರ್ಮಿನ್ ಮಾತ್ರೆ ನುಂಗಿದವರಲ್ಲಿ ಶೇ 31. ಲಾಭ ಎಲ್ಲ ಜನಾಂಗದವರಿಗೂ ಸಿಕ್ಕಿತು.

ಈ ಶೇ 58 ಎಂಬ ಅಂಕಿ ಎಲ್ಲ ಭಾಷಣಗಳಲ್ಲೂ ಬರುತ್ತದೆ. ಅದರ ಹಿಂದಿದ್ದ ಏರ್ಪಾಡು ಬರುವುದಿಲ್ಲ. ಪ್ರತಿಯೊಬ್ಬರಿಗೂ ಒಬ್ಬ ತರಬೇತುದಾರರಿದ್ದರು. ಮೊದಲ ಆರು ತಿಂಗಳಲ್ಲಿ ಹದಿನಾರು ಪಾಠ, ಎದುರಿಗೆ ಕೂತು, ಒಬ್ಬರಿಗೊಬ್ಬರು. ಆಮೇಲೂ ತಿಂಗಳಿಗೊಮ್ಮೆ ಭೇಟಿಯೋ ಫೋನೋ. ಬಾರದೆ ಹೋದವರನ್ನು ಹುಡುಕಿ ಕರೆತರುತ್ತಿದ್ದರು. ಭಾಷೆ, ಊಟದ ಪದ್ಧತಿಗೆ ತಕ್ಕಂತೆ ಪಾಠ ಹೊಂದಿಸುತ್ತಿದ್ದರು. ಮೊದಲ ವರ್ಷಕ್ಕೆ ಒಬ್ಬೊಬ್ಬರ ಮೇಲೂ ಆದ ಖರ್ಚು ಸುಮಾರು 1,400 ಡಾಲರ್. ‘ವಾಕಿಂಗ್ ಮಾಡಿ’ ಎಂದು ಹೇಳಿ ಕಳಿಸಿದ್ದಕ್ಕೆ ಆ ಶೇ 58 ಬಂದದ್ದಲ್ಲ.

ಮೈ ಬೇರೆ, ಅಳತೆಯೂ ಬೇರೆ

ನಮ್ಮವರ ಮೈಗೆ ಅಮೆರಿಕದ ಗುರಿಗಳು ಹಾಗೇ ಹೊಂದುವುದಿಲ್ಲ. ಪುಣೆಯ ಡಾ. ಚಿತ್ತರಂಜನ ಯಾಜ್ಞಿಕ್ ದಶಕಗಳಿಂದ ತೋರಿಸಿಕೊಡುತ್ತಿರುವ ಸಂಗತಿಯಿದು: ಭಾರತೀಯರು ನೋಡಲು ತೆಳ್ಳಗಿದ್ದರೂ ಮಾಂಸಖಂಡ ಕಡಿಮೆ, ಕೊಬ್ಬು ಹೆಚ್ಚು, ಅದೂ ಹೊಟ್ಟೆಯ ಸುತ್ತ. ಹುಟ್ಟುವ ಕೂಸುಗಳಲ್ಲೇ ಈ ಲಕ್ಷಣ ಕಾಣುತ್ತದೆ. ‘ನಾನು ದಪ್ಪ ಇಲ್ವಲ್ಲ, ನಂಗ್ಯಾಕೆ ಶುಗರ್?’ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ಬ್ರಿಟನ್‌ನಲ್ಲಿ, ಅಮೆರಿಕದಲ್ಲಿ ನೆಲೆಸಿದ ನಮ್ಮ ಜನರ ವಿಷಯದಲ್ಲೂ ಅಲ್ಲಿನ ವೈದ್ಯರು ಇದನ್ನು ಒಪ್ಪಿದ್ದಾರೆ. ಬಿಳಿಯರಿಗೆ ತೂಕದ ಸೂಚ್ಯಂಕ 25 ದಾಟಿದಾಗ ಎಚ್ಚರಿಸಿದರೆ, ಏಷ್ಯಾದವರಿಗೆ 23ಕ್ಕೇ ಎಚ್ಚರಿಸುತ್ತಾರೆ.

ಚೆನ್ನೈನ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ನಮಗೆ ಎಲ್ಲಕ್ಕಿಂತ ಮುಖ್ಯ. 531 ಮಂದಿ, ಎಲ್ಲರೂ ಹೊಸ್ತಿಲಲ್ಲಿದ್ದವರು. ಯಾವ ನೆರವೂ ಇಲ್ಲದ ಗುಂಪಿನಲ್ಲಿ ಮೂರೇ ವರ್ಷದಲ್ಲಿ ಶೇ 55ರಷ್ಟು ಜನ ಮಧುಮೇಹಿಗಳಾದರು. ವರ್ಷಕ್ಕೆ ಸುಮಾರು ಶೇ 18 ಎಂದಾಯಿತು. ಅಮೆರಿಕದ ಅಧ್ಯಯನದಲ್ಲಿ ಅದು ಶೇ 11 ಇತ್ತು. ನಮ್ಮಲ್ಲಿ ಬಾರ್ಡರ್ ಎನ್ನುವುದು ಬಹಳ ದಿನ ನಿಲ್ಲುವ ಜಾಗವಲ್ಲ. ಊಟ, ನಡಿಗೆ ತಿದ್ದಿಕೊಂಡವರಲ್ಲಿ ಮಧುಮೇಹ ಶೇ 39ಕ್ಕೆ ಇಳಿಯಿತು. ಆಶ್ಚರ್ಯವೆಂದರೆ ಇವರ ತೂಕ ಇಳಿದಿರಲಿಲ್ಲ. ತಕ್ಕಡಿಯ ಮುಳ್ಳು ಅಲುಗದೆಯೂ ದೇಹದೊಳಗೆ ಲಾಭವಾಗಿತ್ತು. ಒಂದು ತಿಂಗಳು ನಡೆದು, ತೂಕ ನೋಡಿ, ‘ಏನೂ ಪ್ರಯೋಜನ ಇಲ್ಲ’ ಎಂದು ಕೈಬಿಡುವ ಎಲ್ಲರ ಕಿವಿಗೂ ಈ ಸುದ್ದಿ ಬೀಳಬೇಕು.

ಆಮೇಲೆ ಅದೇ ಚೆನ್ನೈನಲ್ಲಿ ಡಾ. ವಿ. ಮೋಹನ್ ಅವರ ಸಂಸ್ಥೆ ಅಮೆರಿಕದ ಎಮೊರಿ ವಿಶ್ವವಿದ್ಯಾಲಯದೊಂದಿಗೆ 578 ಜನರ ಮೇಲೆ ನಡೆಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗುಂಪು ಪಾಠಗಳು ಮತ್ತು ಬೇಕಾದವರಿಗೆ ಮೆಟ್‌ಫಾರ್ಮಿನ್ ಸೇರಿ ಮಧುಮೇಹವನ್ನು ಶೇ 32ರಷ್ಟು ತಗ್ಗಿಸಿದವು. ಅಲ್ಲೊಂದು ಸೂಕ್ಷ್ಮ ಹೊರಬಿತ್ತು. ಊಟದ ಬಳಿಕದ ಸಕ್ಕರೆ ಏರುವವರಿಗೆ ಒಳ್ಳೆಯ ಲಾಭ ಸಿಕ್ಕಿತು. ಬರೀ ಖಾಲಿ ಹೊಟ್ಟೆಯ ಸಕ್ಕರೆ ಏರುಪೇರಾದವರಿಗೆ ಅಷ್ಟು ಸಿಗಲಿಲ್ಲ. ಯಾರಿಗೆ ಯಾವ ಏರುಪೇರು ಎಂದು ತಿಳಿಯಲು ಒಂದೇ ದಾರಿ: ರಾತ್ರಿಯಿಂದ ಏನೂ ತಿನ್ನದೆ ಬಂದು, ರಕ್ತ ಕೊಟ್ಟು, 75 ಗ್ರಾಂ ಗ್ಲುಕೋಸ್ ಬೆರೆಸಿದ ನೀರು ಕುಡಿದು, ಎರಡು ಗಂಟೆ ಕಾದು, ಮತ್ತೆ ರಕ್ತ ಕೊಡುವುದು. ಬ್ಯಾಂಕ್ ನೌಕರರಿಗೆ ಇದು ಅರ್ಧ ದಿನದ ರಜೆ. ಮನೆಗೆಲಸದವರಿಗೆ ಮೂರು ಮನೆಯ ಕೆಲಸ ತಪ್ಪುವ ಬೆಳಗು, ಕಟ್ಟಡ ಕೂಲಿಗೆ ಇಡೀ ದಿನದ ಸಂಬಳ. ಯಾವ ಹೊತ್ತಿಗಾದರೂ ಚುಚ್ಚಿ ನೋಡುವ ಶಿಬಿರದ ಪರೀಕ್ಷೆ ಚಾಲ್ತಿಗೆ ಬಂದದ್ದು ಈ ಕಾರಣಕ್ಕೇ. ಅದು ಕಾಯಿಲೆ ಬಲಿತವರನ್ನು ಹಿಡಿಯುತ್ತದೆ, ಹೊಸ್ತಿಲಲ್ಲಿರುವವರಲ್ಲಿ ಅನೇಕರನ್ನು ಬಿಟ್ಟುಬಿಡುತ್ತದೆ.

ಹಾಗಾದರೆ ಮೊದಲು ಯಾರನ್ನು ಕರೆಯಬೇಕು? ಇದಕ್ಕೆ ಒಂದು ಅಳತೆಪಟ್ಟಿ ಸಾಕು. ಮದ್ರಾಸ್ ಫೌಂಡೇಶನ್ 2005ರಲ್ಲಿ ರೂಪಿಸಿದ ‘ಭಾರತೀಯ ಮಧುಮೇಹ ಅಪಾಯ ಅಂಕ’ದಲ್ಲಿ ನಾಲ್ಕೇ ಪ್ರಶ್ನೆಗಳಿವೆ: ವಯಸ್ಸು, ಸೊಂಟದ ಸುತ್ತಳತೆ, ದೇಹಶ್ರಮ, ತಂದೆತಾಯಿಗೆ ಶುಗರ್ ಇದೆಯೇ ಎಂಬುದು. ಒಟ್ಟು ನೂರು ಅಂಕ. 60 ಮುಟ್ಟಿದರೆ ಅಪಾಯ ಹೆಚ್ಚು. ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿರುವ 42 ವರ್ಷದ ಹೆಣ್ಣುಮಗಳನ್ನು ನೆನೆಸಿಕೊಳ್ಳಿ. ವಯಸ್ಸಿಗೆ 20. ಸೊಂಟ 84 ಸೆಂಟಿಮೀಟರ್, ಅದಕ್ಕೆ 10. ದಿನವಿಡೀ ಮೆಷಿನ್ ಮುಂದೆ ಕೂತ ಕೆಲಸ, ಬೇರೆ ವ್ಯಾಯಾಮವಿಲ್ಲ, 30. ತಾಯಿಗೆ ಶುಗರ್ ಇತ್ತು, 10. ಒಟ್ಟು 70. ಅದೇ ವಯಸ್ಸಿನ, ಅದೇ ಸೊಂಟದ, ತಾಯಿಗೆ ಶುಗರ್ ಇದ್ದ ಪೌರಕಾರ್ಮಿಕ ಮಹಿಳೆಗೆ ದೇಹಶ್ರಮದ ಅಂಕ ಕಡಿಮೆ, ಹಾಗಾಗಿ ಒಟ್ಟು ಅಂಕವೂ ಕಡಿಮೆ. ಇಬ್ಬರೂ ಒಂದೇ ಬೀದಿಯವರು, ಒಂದೇ ರೇಷನ್ ಅಂಗಡಿಯವರು. ಪೌರಕಾರ್ಮಿಕ ಮಹಿಳೆಗೆ ‘ವಾಕಿಂಗ್ ಮಾಡಿ’ ಎನ್ನುವುದಕ್ಕೆ ಅರ್ಥವಿಲ್ಲ. ಆಕೆ ಬೆಳಗಿನ ಜಾವದಿಂದ ಪೊರಕೆ ಹಿಡಿದು ನಡೆದೇ ಇದ್ದಾಳೆ. ಟೈಲರ್‌ಗೆ ಅದು ಬೇಕೇ ಬೇಕು, ಆದರೆ ಆಕೆಗೆ ಹೊತ್ತು ಸಿಗುವುದು ಪಾತ್ರೆ ತೊಳೆದು ಮುಗಿದ ರಾತ್ರಿ ಹತ್ತರ ಮೇಲೆ, ಬೀದಿದೀಪ ಉರಿಯದ ಗಲ್ಲಿಯಲ್ಲಿ. ಒಂದೇ ಸಲಹೆಯನ್ನು ಎಲ್ಲರಿಗೂ ಹಂಚುವ ಕಾರ್ಯಕ್ರಮ ಇಬ್ಬರಲ್ಲಿ ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ.

ಮುದ್ದೆಯ ಗಾತ್ರ

ಊಟದ ವಿಷಯಕ್ಕೆ ಬಂದರೆ ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದ ನಂಬಿಕೆಯೊಂದಿದೆ: ಶುಗರ್ ಇದ್ದವರು ಅನ್ನ ಬಿಟ್ಟು ರಾಗಿ ಮುದ್ದೆ ತಿಂದರೆ ಸರಿಹೋಗುತ್ತದೆ, ಉತ್ತರ ಕರ್ನಾಟಕದವರಾದರೆ ಜೋಳದ ರೊಟ್ಟಿ. ರಾಗಿ ಒಳ್ಳೆಯ ಧಾನ್ಯ, ಅನುಮಾನವಿಲ್ಲ. ಆದರೆ 2025ರಲ್ಲಿ ಪ್ರಕಟವಾದ ಇಂಡಿಯಾಬ್‌ನ ಆಹಾರ ವಿಶ್ಲೇಷಣೆ ಕೇಳಿ: ಭಾರತೀಯರ ಊಟದ ಶಕ್ತಿಯಲ್ಲಿ ಸುಮಾರು ಶೇ 62ರಷ್ಟು ಬರುವುದು ಪಿಷ್ಟ, ಸಕ್ಕರೆಗಳಿಂದ. ಬಿಳಿ ಅಕ್ಕಿಯ ಜಾಗದಲ್ಲಿ ಗೋಧಿಹಿಟ್ಟನ್ನೋ ಸಿರಿಧಾನ್ಯದ ಹಿಟ್ಟನ್ನೋ ತಂದು, ಒಟ್ಟು ಪ್ರಮಾಣವನ್ನು ಹಾಗೇ ಇಟ್ಟುಕೊಂಡವರಲ್ಲಿ ಅಪಾಯ ತಗ್ಗಿದ್ದು ಕಾಣಲಿಲ್ಲ. ಪಿಷ್ಟದ ಒಂದು ಪಾಲನ್ನು ಬೇಳೆಕಾಳು, ಹಾಲು, ಮೊಸರಿನ ಪ್ರೋಟೀನ್‌ಗೆ ಬಿಟ್ಟುಕೊಟ್ಟವರಲ್ಲಿ ಮಧುಮೇಹವೂ ಮಧುಮೇಹಪೂರ್ವ ಸ್ಥಿತಿಯೂ ಕಡಿಮೆ ಇದ್ದವು.

ಇದನ್ನು ಮಂಡ್ಯದ ಕಡೆಯಿಂದ ಬಂದು ಕಾಮಾಕ್ಷಿಪಾಳ್ಯದಲ್ಲಿ ನೆಲೆಸಿದವರ ತಟ್ಟೆಯಲ್ಲಿಟ್ಟು ನೋಡೋಣ. ಎರಡು ದೊಡ್ಡ ಮುದ್ದೆ, ಮೇಲೆ ತೆಳ್ಳಗಿನ ಸಾರು, ಕೊನೆಗೆ ಅನ್ನ ಮಜ್ಜಿಗೆ. ಮುದ್ದೆ ಬಿಡಿ ಎಂದು ಹೇಳುವ ಅಗತ್ಯವೇ ಇಲ್ಲ. ಒಂದು ಮುದ್ದೆ, ಅದೂ ಸ್ವಲ್ಪ ಚಿಕ್ಕದು. ಬಸ್ಸಾರಿಗೆ ಬಸಿದ ಸೊಪ್ಪು ಕಾಳಿನ ಪಲ್ಯ ತಟ್ಟೆಯ ಅರ್ಧ ಭಾಗ. ಹುರುಳಿಕಾಳೋ ಅವರೆಕಾಳೋ ಹೆಸರುಕಾಳೋ ಹುಳಿಯಲ್ಲಿ ನೀರಿಗಿಂತ ಹೆಚ್ಚು. ಆಗುವವರಿಗೆ ಒಂದು ಮೊಟ್ಟೆ. ಇದು ಅವರ ಅಜ್ಜಿಗೆ ಗೊತ್ತಿದ್ದ ಊಟವೇ. ಆದರೆ ರೇಷನ್ ಅಂಗಡಿಯಲ್ಲಿ ಅಕ್ಕಿ ಪುಕ್ಕಟೆ ಸಿಗುತ್ತದೆ, ತೊಗರಿಬೇಳೆಗೆ ಕೈಯಿಂದ ದುಡ್ಡು ಬೀಳುತ್ತದೆ. ತಿಂಗಳ ಕೊನೆಯ ವಾರದಲ್ಲಿ ಬೇಳೆ ತೆಳುವಾಗುತ್ತದೆ, ಅನ್ನದ ರಾಶಿ ಏರುತ್ತದೆ. ಹಸಿವು ನೀಗಿಸಿದ ಅಕ್ಕಿಯನ್ನು ನಾನು ದೂರುವುದಿಲ್ಲ; ಅದು ಎಷ್ಟೋ ಮನೆಗಳನ್ನು ಉಳಿಸಿದೆ. ಅಕ್ಕಿಯ ಜೊತೆಗೆ ಬೇಳೆಕಾಳು ಕೊಡುವುದು ಮಧುಮೇಹ ತಡೆಯ ಕಾರ್ಯಕ್ರಮವೂ ಹೌದು ಎಂದು ಆಹಾರ ಇಲಾಖೆ ಮತ್ತು ಆರೋಗ್ಯ ಇಲಾಖೆ ಒಟ್ಟಿಗೆ ಕೂತು ಯೋಚಿಸಬೇಕು ಎನ್ನುತ್ತೇನೆ.

ಇನ್ನು ಮನೆಯಾಚೆಯ ತಿನಿಸು. ಆಟೊ ಚಾಲಕರ ದಿನದಲ್ಲಿ ಬೈ-ಟು ಟೀ ಐದಾರು ಸಲ ಬರುತ್ತದೆ. ಪ್ರತಿಸಲ ಸಕ್ಕರೆ ಸೇರಿಯೇ ಬರುತ್ತದೆ, ಜೊತೆಗೆ ಬೇಕರಿಯ ಬನ್ನು. ಸಕ್ಕರೆಯನ್ನು ಬೇರೆ ಹಾಕಿಕೊಡುವ ಅಂಗಡಿ ಸ್ಟ್ಯಾಂಡ್ ಹತ್ತಿರ ಒಂದಿದ್ದರೆ ಆಗುವ ಲಾಭ ಹತ್ತು ಭಿತ್ತಿಪತ್ರಗಳಿಂದ ಆಗದು. ರಾತ್ರಿ ಪಾಳಿಯ ಐ.ಟಿ. ನೌಕರರ ಕಥೆ ಇನ್ನೊಂದು. ಅವರಿಗೆ ಕಂಪನಿಯ ಡಾಕ್ಟರು, ಆ್ಯಪ್, ಜಿಮ್ ಇವೆ. ಅವರ ಬಗ್ಗೆ ಬರೆಯುವವರೂ ಇದ್ದಾರೆ.

ಬೀದಿಯವರೇ ಆಗಬೇಕು

ಬೆಂಗಳೂರು ಒಂದೇ ಬಗೆಯ ಜನರ ಊರಲ್ಲ. 2011ರ ಜನಗಣತಿಯಂತೆ ಬೆಂಗಳೂರು ನಗರ ಜಿಲ್ಲೆಯಲ್ಲಿ ಕನ್ನಡ ಮನೆಮಾತಾಗಿರುವವರು ಅರ್ಧಕ್ಕಿಂತ ಕಡಿಮೆ; ತೆಲುಗು, ತಮಿಳು, ಉರ್ದು, ಹಿಂದಿ ಆಡುವವರು ಲಕ್ಷಗಟ್ಟಲೆ. ಕಾಡುಗೊಂಡನಹಳ್ಳಿಯಂಥ ಒಂದು ಪ್ರದೇಶದಲ್ಲೇ ಈ ಭಾಷೆಗಳೆಲ್ಲ ಕೇಳಿಸುತ್ತವೆ. ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಪಬ್ಲಿಕ್ ಹೆಲ್ತ್ ಸಂಸ್ಥೆ ಈ ಕೆ.ಜಿ. ಹಳ್ಳಿಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದೆ. ಬಿ.ಪಿ., ಶುಗರ್‌ನಂಥ ದೀರ್ಘಕಾಲದ ಕಾಯಿಲೆಯಿರುವ ಅಲ್ಲಿನ ಮನೆಗಳನ್ನು ಅಧ್ಯಯನ ಮಾಡಿ 2012ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಶೇ 16ರಷ್ಟು ಮನೆಗಳು ತಿಂಗಳ ಆದಾಯದ ಹತ್ತನೇ ಒಂದು ಭಾಗಕ್ಕೂ ಹೆಚ್ಚನ್ನು ಆಸ್ಪತ್ರೆಗೆ ದಾಖಲಾಗದೆಯೇ, ಬರೀ ಡಾಕ್ಟರು, ಮಾತ್ರೆ, ಪರೀಕ್ಷೆಗೆ ಸುರಿಯುತ್ತಿದ್ದವು. ಶುಗರ್ ಶ್ರೀಮಂತರ ಕಾಯಿಲೆ ಎಂಬ ಮಾತು ಹಳತಾಗಿ ಬಹಳ ಕಾಲವಾಯಿತು. ಬಡವರಿಗೆ ತಡೆಯೇ ಹೆಚ್ಚು ಬೇಕು, ಯಾಕೆಂದರೆ ಬಂದ ಮೇಲಿನ ಖರ್ಚು ಅವರನ್ನು ಮುಳುಗಿಸುತ್ತದೆ.

ಇಂಥ ಊರಿನಲ್ಲಿ ಹದಿನಾರು ಪಾಠ ಹೇಳುವವರು ಯಾರು? ಅಮೆರಿಕದಲ್ಲಿ ಇದೇ ಪ್ರಶ್ನೆ ಬಂದಾಗ ಇಂಡಿಯಾನಾಪೊಲಿಸ್ ನಗರದ ಸಂಶೋಧಕರು ವೈಎಂಸಿಎಯ ಬಾಗಿಲು ತಟ್ಟಿದರು. ಅಲ್ಲಿನ ಸಿಬ್ಬಂದಿಗೇ ತರಬೇತಿ ಕೊಟ್ಟು, ಒಬ್ಬೊಬ್ಬರ ಬದಲು ಗುಂಪಿಗೆ ಪಾಠ ಮಾಡಿಸಿದರು. ಆರು ತಿಂಗಳಲ್ಲಿ ಬಂದವರ ತೂಕ ಶೇ 6ರಷ್ಟು ಇಳಿಯಿತು. ಖರ್ಚು 300 ಡಾಲರ್ ಆಸುಪಾಸಿಗೆ ಬಂತು. 2008ರಲ್ಲಿ ಪ್ರಕಟವಾದ ಈ ಪ್ರಯೋಗದ ಬೆನ್ನಿಗೆ 2010ರಲ್ಲಿ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಕಾನೂನಿನ ಬಲ ಸಿಕ್ಕಿತು. ಡಾಕ್ಟರೇ ಬೇಕಿಲ್ಲ, ಊರಿನ ನಡುವೆ ಇರುವವರು ಸಾಕು ಎಂಬುದು ಅಲ್ಲಿ ಸಾಬೀತಾಯಿತು.

ಆದರೆ ಅದರ ಮುಂದಿನ ಅಧ್ಯಾಯವನ್ನೂ ಓದಬೇಕು. ಹಿರಿಯ ನಾಗರಿಕರ ಸರ್ಕಾರಿ ವಿಮೆ ಮೆಡಿಕೇರ್ 2018ರಿಂದ ಇದಕ್ಕೆ ಹಣ ಕೊಡತೊಡಗಿತು. ಅರ್ಹರು ಲಕ್ಷೋಪಲಕ್ಷ, ಮೊದಲ ಕೆಲವು ವರ್ಷಗಳಲ್ಲಿ ಸೇರಿದವರು ಕೆಲವೇ ಸಾವಿರ. ಹಣದ ದೊಡ್ಡ ಪಾಲನ್ನು ಬಂದವರ ತೂಕ ಇಳಿಕೆಗೆ ಗಂಟುಹಾಕಿದ್ದು ಇದಕ್ಕೊಂದು ಕಾರಣವೆಂದು ಅಲ್ಲಿ ಟೀಕೆಯಿದೆ. ಎರಡೆರಡು ಕೆಲಸ ಮಾಡುವ, ಹತ್ತಿರದಲ್ಲಿ ತಾಜಾ ತರಕಾರಿ ಸಿಗದ ಬಡಾವಣೆಯ ಜನರ ತೂಕ ಬೇಗ ಇಳಿಯದು. ಅಂಥ ಕಡೆ ಕೆಲಸ ಮಾಡುವ ಸಂಸ್ಥೆಗೆ ನಷ್ಟ, ಅನುಕೂಲಸ್ಥರ ಬಡಾವಣೆಯಲ್ಲಿ ಮಾಡುವವರಿಗೆ ಲಾಭ. ತೂಕ ಇಳಿಯದೆಯೂ ಲಾಭವಾಗುವ ಭಾರತೀಯರಿಗೆ ಈ ಲೆಕ್ಕವನ್ನು ನಕಲು ಮಾಡಿದರೆ ದೊಡ್ಡ ತಪ್ಪಾಗುತ್ತದೆ.

ನಮ್ಮ ಪಕ್ಕದ ಕೇರಳದಿಂದ ಕಲಿಯುವುದು ಇದಕ್ಕಿಂತ ಹೆಚ್ಚಿದೆ. ತಿರುವನಂತಪುರ ಜಿಲ್ಲೆಯ ನೆಯ್ಯಾಟ್ಟಿಂಕರ ತಾಲ್ಲೂಕಿನ 60 ಮತಗಟ್ಟೆ ವ್ಯಾಪ್ತಿಗಳಲ್ಲಿ ಮಧುಮೇಹ ತಡೆಯ ಪ್ರಯೋಗವೊಂದಕ್ಕೆ 1,007 ಮಂದಿಯನ್ನು ಆರಿಸಿದರು. ಆಯ್ಕೆಗೆ ಬಳಸಿದ್ದು ಮೊದಲು ಅಪಾಯ ಅಂಕ, ಆಮೇಲೆ ಗ್ಲುಕೋಸ್ ಪರೀಕ್ಷೆ. ಗುಂಪಿನವರೇ ತಮ್ಮೊಳಗಿಂದ ಮುಂದಾಳುಗಳನ್ನು ಆರಿಸಿಕೊಂಡರು, ಒಬ್ಬ ಗಂಡಸು, ಒಬ್ಬ ಹೆಂಗಸು. ಸಭೆಗಳು ಅವರವರ ಊರಿನಲ್ಲೇ, ಎಲ್ಲರಿಗೂ ಬಿಡುವಿರುವ ಹೊತ್ತಿನಲ್ಲಿ. ಕೈತೋಟ ಮಾಡಿದರು, ಯೋಗ ಕಲಿತರು, ಜೊತೆಯಾಗಿ ನಡೆದರು. 2018ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಎರಡು ವರ್ಷದಲ್ಲಿ ಗುಂಪಿನಲ್ಲಿದ್ದವರಲ್ಲಿ ಶೇ 14.9, ಇಲ್ಲದವರಲ್ಲಿ ಶೇ 17.1 ಮಂದಿ ಮಧುಮೇಹಿಗಳಾದರು. ಈ ಅಂತರ ಆಕಸ್ಮಿಕವಲ್ಲ ಎಂದು ಹೇಳುವಷ್ಟು ದೊಡ್ಡದಲ್ಲ. ಆದರೆ ಕುಡಿತ ಕಡಿಮೆಯಾಗಿತ್ತು, ಹಣ್ಣು ತರಕಾರಿ ಹೆಚ್ಚಿತ್ತು, ಅಪಾಯ ಅಂಕ ಇಳಿದಿತ್ತು.

ಈ ಫಲಿತಾಂಶವನ್ನು ಸೋಲು ಎನ್ನುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಬಂದವರು ಬಿಟ್ಟುಹೋಗದೆ ಉಳಿದರು, ಸಂಬಳವಿಲ್ಲದ ಮುಂದಾಳುಗಳು ವರ್ಷವಿಡೀ ಗುಂಪು ನಡೆಸಿದರು. ಸಮುದಾಯದೊಳಗೆ ಇಂಥದ್ದು ನಿಲ್ಲುತ್ತದೆ ಎಂಬುದಕ್ಕೆ ಇದು ಸಾಕ್ಷಿ. ಸಕ್ಕರೆಯನ್ನು ಹಿಡಿದು ನಿಲ್ಲಿಸಲು ಒಂದು ವರ್ಷದ ಪ್ರಯತ್ನ ಸಾಲದು ಎಂಬುದಕ್ಕೂ ಸಾಕ್ಷಿ. ದಾಚಿಂಗ್‌ನಲ್ಲಿ ಆರು ವರ್ಷ ಬೇಕಾಗಿತ್ತು. ಕೇರಳದಲ್ಲಿ ಸಿಕ್ಕ ಒಗ್ಗಟ್ಟಿಗೆ ಚೆನ್ನೈನಲ್ಲಿ ಕೊಟ್ಟ ವೈದ್ಯಕೀಯ ಬೆಂಬಲ, ಅಂದರೆ ಬೇಕಾದವರಿಗೆ ಹೊತ್ತಿಗೆ ಸರಿಯಾಗಿ ಮೆಟ್‌ಫಾರ್ಮಿನ್, ಸೇರಿದರೆ ಏನಾದೀತು ಎಂಬುದೇ ನಮ್ಮ ನಗರಗಳು ಕೇಳಿಕೊಳ್ಳಬೇಕಾದ ಪ್ರಶ್ನೆ.

ಆದರೆ ಕೇರಳದ ಒಂದು ಉಪಾಯ ಬೆಂಗಳೂರಿನಲ್ಲಿ ನಡೆಯದು. ಅಲ್ಲಿ ಜನರನ್ನು ಹುಡುಕಿದ್ದು ಮತದಾರರ ಪಟ್ಟಿಯಿಂದ. ಇಲ್ಲಿ ತಗಡಿನ ಶೆಡ್‌ನಲ್ಲಿರುವ ಗಾರೆ ಕೆಲಸದವರ ವೋಟು ಯಾದಗಿರಿಯಲ್ಲಿದೆ, ಸೆಕ್ಯುರಿಟಿ ಗಾರ್ಡ್‌ನ ವೋಟು ಒಡಿಶಾದಲ್ಲೋ ಅಸ್ಸಾಮಿನಲ್ಲೋ ಇದೆ. ವಿಳಾಸ ಹಿಡಿದು ಹುಡುಕಿದರೆ ನಗರ ಕಟ್ಟುತ್ತಿರುವವರೇ ಪಟ್ಟಿಯಿಂದ ಹೊರಗುಳಿಯುತ್ತಾರೆ. ಅವರನ್ನು ಹುಡುಕಬೇಕಾದದ್ದು ಕೆಲಸದ ಜಾಗದಲ್ಲಿ: ಪೌರಕಾರ್ಮಿಕರು ಹಾಜರಿ ಹಾಕುವ ಮಸ್ಟರಿಂಗ್ ಸ್ಥಳ, ಗಾರ್ಮೆಂಟ್ಸ್‌ನ ಊಟದ ಬಿಡುವು, ಆಟೊ ಸ್ಟ್ಯಾಂಡು, ಕಟ್ಟಡದ ಕೂಲಿ ಬಟವಾಡೆಯ ದಿನ. ಶಿವಾಜಿನಗರದಲ್ಲಿ ಮಸೀದಿ ಸಮಿತಿಯವರು ಮನಸ್ಸು ಮಾಡಿದರೆ ರಂಜಾನ್‌ಗೆ ಒಂದು ತಿಂಗಳ ಮುಂಚೆಯೇ ಉರ್ದುವಿನಲ್ಲಿ ಗುಂಪು ಪಾಠ ನಡೆಸಬಹುದು. ಸ್ತ್ರೀಶಕ್ತಿ ಸಂಘಗಳು ಹೇಗೂ ವಾರಕ್ಕೊಮ್ಮೆ ಸೇರುತ್ತವೆ. ಉಳಿತಾಯದ ಲೆಕ್ಕ ಮುಗಿದ ಮೇಲೆ ಅರ್ಧ ಗಂಟೆ ಸಾಕು, ಸುತ್ತಳತೆಯ ಟೇಪು ಲೆಕ್ಕದ ಪುಸ್ತಕದ ಜೊತೆಗೇ ಇರಲಿ.

ಕೆಲಸವನ್ನೆಲ್ಲ ಆಶಾ ಕಾರ್ಯಕರ್ತೆಯರ ಹೆಗಲಿಗೆ ಹಾಕುವುದು ಸುಲಭದ ದಾರಿ. ಮೂವತ್ತು ವರ್ಷ ದಾಟಿದ ಪ್ರತಿಯೊಬ್ಬರ ಅಪಾಯದ ಫಾರಂ ತುಂಬುವುದು ಈಗಾಗಲೇ ಅವರ ಪಾಲಿಗೆ ಬಂದಿದೆ. ಬಾಣಂತಿ, ಲಸಿಕೆ, ಕ್ಷಯ, ಡೆಂಗಿ ಎಲ್ಲವೂ ಅವರದೇ. 2025ರ ಜನವರಿಯ ಚಳಿಯಲ್ಲಿ ಅವರು ಫ್ರೀಡಂ ಪಾರ್ಕ್‌ನಲ್ಲಿ ಗೌರವಧನಕ್ಕಾಗಿ ಅಹೋರಾತ್ರಿ ಧರಣಿ ಕೂತದ್ದನ್ನು ನಗರ ನೋಡಿದೆ. ಅವರ ಮೇಲೆ ಇನ್ನೊಂದು ರಿಜಿಸ್ಟರ್ ಹೇರಿದರೆ ಪುಟ ತುಂಬುತ್ತದೆ, ಗುಂಪು ಕಟ್ಟುವುದಿಲ್ಲ. ಗುಂಪಿಗೆ ಬೇರೆಯೇ ಮುಂದಾಳು ಬೇಕು, ಆ ಮುಂದಾಳಿಗೆ ತಿಂಗಳಿಗೊಂದು ನಿಶ್ಚಿತ ಮೊತ್ತ ಬೇಕು. ಆಶಾ ಮತ್ತು ನಮ್ಮ ಕ್ಲಿನಿಕ್‌ನ ಡಾಕ್ಟರು ಅವಳ ಬೆನ್ನಿಗಿರಬೇಕು. ಸ್ವಯಂಸೇವೆ ಎಂಬ ಹೆಸರಿನಲ್ಲಿ ಬಡ ಹೆಂಗಸರಿಂದ ಬಿಟ್ಟಿ ದುಡಿಸುವ ಕಾರ್ಯಕ್ರಮ ಎರಡನೇ ವರ್ಷ ಕಾಣುವುದಿಲ್ಲ.

ಎಲ್ಲಿಂದ ಶುರುಮಾಡಬೇಕು ಎಂದು ಕೇಳಿದರೆ ನನ್ನ ಉತ್ತರ ಗರ್ಭಿಣಿಯರ ಪಟ್ಟಿ. ಬಸಿರಿನಲ್ಲಿ ಸಕ್ಕರೆ ಏರಿದ್ದ ಹೆಂಗಸರಿಗೆ ಮುಂದೆ ಮಧುಮೇಹ ಬರುವ ಸಾಧ್ಯತೆ ಉಳಿದವರಿಗಿಂತ ಹಲವು ಪಟ್ಟು ಹೆಚ್ಚು. ಇಷ್ಟು ಎಳೆಯ ವಯಸ್ಸಿನಲ್ಲಿ, ಇಷ್ಟು ಖಚಿತವಾಗಿ ಅಪಾಯ ಗೊತ್ತಾಗುವ ಇನ್ನೊಂದು ಗುಂಪಿಲ್ಲ. ಹೆರಿಗೆಯಾಗಿ ಆರು ವಾರಕ್ಕೆ ಇವರಿಗೆ ಗ್ಲುಕೋಸ್ ಪರೀಕ್ಷೆ ಮಾಡಬೇಕೆಂದು ರಾಷ್ಟ್ರೀಯ ಮಾರ್ಗಸೂಚಿಯಲ್ಲೇ ಇದೆ. ಆದರೆ ಹೆರಿಗೆಯಾದ ಮೇಲೆ ಎಲ್ಲರ ಕಣ್ಣೂ ಕೂಸಿನ ಮೇಲೆ, ತಾಯಿಯ ಮೇಲಲ್ಲ. ಇಲ್ಲೂ ಸುಲಭದ ಗೆಲುವು ಸಿಗದು ಎಂದು ಹೇಳಲೇಬೇಕು: ಭಾರತ, ಬಾಂಗ್ಲಾದೇಶ, ಶ್ರೀಲಂಕಾದ 19 ನಗರ ಆಸ್ಪತ್ರೆಗಳಲ್ಲಿ ಇಂಥ ತಾಯಂದಿರಿಗೆ ನರ್ಸ್‌ಗಳು ವರ್ಷವಿಡೀ ಕೊಟ್ಟ ಹಗುರ ಮಾರ್ಗದರ್ಶನದಿಂದ ಸಕ್ಕರೆಯಲ್ಲಿ ವ್ಯತ್ಯಾಸ ಕಾಣಲಿಲ್ಲ ಎಂದು 2022ರಲ್ಲಿ ವರದಿಯಾಯಿತು. ಹಾಲೂಡಿಸುವ, ನಿದ್ದೆಗೆಟ್ಟ ತಾಯಿಗೆ ಸಲಹೆ ಮಾತ್ರ ಸಾಲದು. ಮನೆಯವರು, ಅದರಲ್ಲೂ ಅತ್ತೆ ಮತ್ತು ಗಂಡ, ಗುಂಪಿನೊಳಗೆ ಬರಬೇಕು, ಒಂದು ವರ್ಷಕ್ಕಿಂತ ಹೆಚ್ಚು ಕಾಲ ಯಾರಾದರೂ ಜೊತೆಗಿರಬೇಕು.

ಕನಿಷ್ಠ ಆ ಮೊದಲ ಪರೀಕ್ಷೆಯನ್ನಾದರೂ ತಪ್ಪಿಸದಿರಲು ಹೊಸ ಯೋಜನೆ ಬೇಕಿಲ್ಲ. ಕೂಸಿಗೆ ಒಂದೂವರೆ ತಿಂಗಳಾದಾಗ ಲಸಿಕೆ ಹಾಕಿಸಲು ತಾಯಿ ಬಂದೇ ಬರುತ್ತಾಳೆ. ಬೆಳಿಗ್ಗೆ ಏನೂ ತಿನ್ನದೆ ಬರಲು ಹಿಂದಿನ ದಿನ ಒಂದು ಫೋನ್ ಮಾಡಿದರೆ, ಲಸಿಕೆಯ ಸರದಿಗೆ ಕಾಯುವ ಹೊತ್ತಿನಲ್ಲೇ ಎರಡು ಗಂಟೆಯ ಪರೀಕ್ಷೆಯೂ ಮುಗಿಯುತ್ತದೆ. ಯಾರಿಗೆ ಫೋನ್ ಮಾಡಬೇಕೆಂಬ ಹೆಸರು, ನಂಬರು, ಬಸಿರಿನಲ್ಲಿ ಎಷ್ಟು ಸಕ್ಕರೆಯಿತ್ತೆಂಬ ಲೆಕ್ಕ, ಎಲ್ಲವೂ ಆಕೆಯ ತಾಯಿ ಕಾರ್ಡ್‌ನಲ್ಲೂ ನರ್ಸ್‌ನ ರಿಜಿಸ್ಟರ್‌ನಲ್ಲೂ ಆಗಲೇ ಬರೆದಿದೆ.